ಮಡಿಲಾಗ ಕುಂದ್ರೂ ಕೋಳಿ ಬೇಕೋ, ತತ್ತಿಮ್ಯಾಲೆ ಕುಂದ್ರೂ ಕೋಳಿ ಬೇಕೋ?

ಪ್ರಶ್ನೆ: ಸರ್, ನಾನು ಕುಷ್ಟಗಿ ಕಡೆಯವ. ಹಿತ್ತಲದಾಗ ಹನ್ನೆರಡು ಹ್ಯಾಟಿ, ಎರಡು ಹುಂಜ ಅದಾವು. ಅರ್ಧ ಗಿರಿರಾಜ ಮಿಕ್ಸು, ಅರ್ಧ ಜವಾರಿ. ಹುಡುಗ್ರು ಎತ್ಕೊಂಡು ಆಡ್ತಾರ, ಅದಕ್ಕ ಕರದ್ರ ಕೈಗೆ ಬರೋ ಕೋಳಿ ತತ್ತಿ ಅಷ್ಟ ಇಟ್ಟು ಸಾಧು ತಳಿ ಮಾಡಬೇಕಂತೀನಿ. ಮೂರ್ನಾಕು ವರ್ಷದಾಗ ಆಗ್ತೈತೇನ್ರಿ?

ಉತ್ತರ: ಈ ವರ್ಷ ಇದು ನಾಕನೇ ಸಲ ಇದ ಪ್ರಶ್ನಿ, ಅದಕ್ಕ ಇವತ್ತು ಪೂರಾ ಹೇಳಿ ಮುಗಸ್ತೀನಿ.

ಸಾಧು ಆಗ್ತಾವು. ನನ್ನ ಅಂಜಿಕಿನೂ ಅದ. ಅಂಜೋ ಸ್ವಭಾವ ಒಂದಿಷ್ಟು ರಕ್ತದಾಗ ಬರ್ತೈತಿ, ಸ್ವೀಡನ್ನಿನ ಲಿಂಕೋಪಿಂಗ್ ಯೂನಿವರ್ಸಿಟಿಯವರು ಕೆಂಪು ಕಾಡುಕೋಳಿಯೊಳಗ ಮನಷ್ಯಾರಿಗೆ ಕಡಿಮಿ ಅಂಜೋವನ್ನ ಆರಿಸಿ ಆರಿಸಿ ಮರಿ ಮಾಡಿಸಿದ್ರು, ಅಂಜಿಕಿ ಇಳೀತು, ಮೈ ದಪ್ಪಾತು, ಹತ್ತು ಪೀಳಿಗಿ ಹೊತ್ತಿಗೆ ಮೈ ಲೆಕ್ಕಕ್ಕ ಮೆದುಳು ಸಣ್ಣದಾಗಿತ್ತು. ಆದ್ರ ಅಲ್ಲಿ ಗೂಡು, ಕಾಳು, ನೀರು ಎಲ್ಲಾ ಇದ್ದಲ್ಲೇ ಸಿಗ್ತೈತಿ. ನಿಮ್ಮ ಹಿತ್ತಲದಾಗ ಏನೈತ್ರಿ? ಜಾಲಿ ಬೇಲಿ, ಬೇಲಿ ಸಂದ್ಯಾಗ ಮುಂಗಸಿ, ರಸ್ತೆದಾಗ ನಾಯಿ, ಮ್ಯಾಲೆ ಗಿಡಗ.

ಈಗ ಒಂದು ಕೆಲಸ ಮಾಡ್ರಿ. ಕರದ್ರ ಓಡಿ ಬರೋವು ಯಾವು ಅಂತ ನೋಡ್ರಿ. ಬಹಳಷ್ಟು ಗಿರಿರಾಜ ಮಿಕ್ಸೇ ಇರ್ತಾವು, ನಾನು ಹೋದ ಮನಿಯೊಳಗೆಲ್ಲಾ ಹಂಗ ಕಂಡೀನಿ. ಗಿರಿರಾಜ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಕ್ಕಂತನ ಮಾಡಿದ ತಳಿ, ತೂಕ ಬರ್ತೈತಿ, ತತ್ತಿನೂ ಚಲೋ ಇಡ್ತೈತಿ, ಆದ್ರ ಕಾವಿಗೆ ಕುಂದ್ರೋದು ಕಡಿಮಿ. ದೊಡ್ಡ ಮೈ, ದೊಡ್ಡ ಹಸಿವು, ಅದಕ್ಕ ಓಡಿ ಬರ್ತಾವು, ನೀವು ಪ್ರೀತಿ ಅಂತ ತಿಳ್ಕೋತೀರಿ. ಅವುನ್ನ ಅಷ್ಟ ಆರಿಸಿಕೊಂತ ಹೋದ್ರ ಮೂರನೇ ವರ್ಷಕ್ಕ ಮರಿ ತಗಿಯೋ ಹ್ಯಾಟಿನ ಉಳಿಯಂಗಿಲ್ಲ, ಆಮ್ಯಾಲೆ ಇನ್ಕ್ಯುಬೇಟರ್ ತರ್ತೀರಿ, ಕರೆಂಟ್ ಹೋಗ್ತೈತಿ, ಮತ್ತ ನನಗ ಪ್ರಶ್ನಿ ಬರ್ತೈತಿ.

ತತ್ತಿಗೆ ಕೈ ಹಾಕಿದ್ರ ಮೈ ಉಬ್ಬಿಸಿ ಕುಕ್ಕೋ ಜವಾರಿ ಹ್ಯಾಟಿ ಐತೆಲ್ರಿ, ಹುಡುಗ್ರು ಬೈತಾರಲ್ಲ, ಆಕಿನ ನಿಮ್ಮ ತಳಿ. 21 ದಿನ ಗಟ್ಟಿಯಾಗಿ ಕುಂತಾಳೋ, ಎದ್ದು ಮೇದು ತಾನ ತಿರುಗಿ ಬರ್ತಾಳೋ, ಹತ್ತು ಮರಿ ಇಳಿಸಿದ್ರ ಎರಡು ತಿಂಗಳಿಗೆ ಎಷ್ಟು ಉಳಿಸ್ಯಾಳ, ರಾತ್ರಿ ಬೇವಿನ ಗಿಡ ಏರ್ತಾಳೋ ಅಂಗಳದಾಗ ಬಿದ್ದಿರ್ತಾಳೋ, ಇಷ್ಟ ಬರದಿಡ್ರಿ, ಬ್ಯಾರೆ ಏನೂ ಬ್ಯಾಡ. ಹುಂಜನೂ ಆಕಿ ಹೊಟ್ಟಿದ ಇರ್ಲಿ, ಆದ್ರ ಅವ್ವ-ಮಗ ಕೂಡಬಾರ್ದು, ಅಂವನ್ನ ಬ್ಯಾರೆಯವರ ಹುಂಜನ ಕೂಡ ಬದಲಿ ಮಾಡ್ಕೋರಿ, ಅವ್ರದೂ ಇಂಥಾ ತಾಯಿದ ಇರ್ಬೇಕು. ಹುಂಜ ಬದಲಿಸಿದ್ರ ಮೂರು ವಾರ ತತ್ತಿ ತಿಂದು ಮುಗಸ್ರಿ, ಹಳೇ ಹುಂಜನ ಬೀಜ ಹ್ಯಾಟಿ ಹೊಟ್ಟ್ಯಾಗ ಅಷ್ಟು ದಿನ ಇರ್ತೈತಿ, ಇದು ಗೊತ್ತಿಲ್ದ ಹೊಸ ಹುಂಜಂದ ಮರಿ ಅಂತ ತಲಿ ಕೆಡಿಸ್ಕೊಂಡೋರು ಬಹಳ ಮಂದಿ.

ಮತ್ತ ಸಾಧು? ಅದು ಕೈಯಾಗ ಐತಿ. ಹುಟ್ಟಿದ ಮೊದಲ ಎರಡು ವಾರ ಅಂಗೈಯಾಗ ನುಚ್ಚು ತಿನಸ್ರಿ, ಜವಾರಿ ಮರಿನೂ ಹಿಂದಿಂದ ಬರ್ತಾವು.  ಆದ್ರ ಹುಂಜ ಅಂತ ಗೊತ್ತಾದ ಕೂಡ್ಲೆ ಆ ಮರಿನ್ನ ಮುದ್ದು ಮಾಡೋದು ಬಿಡ್ರಿ, ಮನಷ್ಯಾರ ಅಂಜಿಕಿ ಬಿಟ್ಟ ಹುಂಜ ಆರು ತಿಂಗಳಿಗೆ ನಿಮ್ಮನ್ನೂ ಇನ್ನೊಂದು ಹುಂಜ ಅಂತ ತಿಳ್ಕೊಂಡು ಮೈಮ್ಯಾಲೆ ಬರ್ತೈತಿ. ನಮ್ಮ ಮನಿಯಾಗ ನಾನ ಮುದ್ದಿಲೆ ಬೆಳೆಸಿದ ಹುಂಜ ಮೊಮ್ಮಗಳ ಹುಬ್ಬಿಗೆ ಹಾರಿ ಮೂರು ಹೊಲಿಗಿ ಬಿದ್ದು. ಅವತ್ತ ರಾತ್ರಿ ಸಾರು ಮಾಡಿದ್ವಿ. ಹುಡುಗ್ರಿಗೆ ಹಾರೋ ಹುಂಜ ಎಷ್ಟು ಚಂದ ಇದ್ರೂ ತಳಿಗೆ ಇಡಬ್ಯಾಡ್ರಿ, ಇದೊಂದು ವಿಷಯದಾಗ ಸ್ವಭಾವ ನೋಡಿ ಆರಸ್ರಿ ಅಂತೀನಿ.

ಪ್ರಶ್ನೆ (ರಾಯಚೂರು): ಏಪ್ರಿಲ್‌ನಾಗ ಕಾವಿಗಿಟ್ಟ ತತ್ತಿ ಎಲ್ಲಾ ಕೊಳೀತಾವು. ಹ್ಯಾಟಿದ ತಪ್ಪೇನ್ರಿ?

ನಿಮ್ಮ ತಗಡಿನ ಶೀಟಿನ ಖೋಲಿದು. 40 ಡಿಗ್ರಿ ಖೋಲ್ಯಾಗ ತತ್ತಿ ಕೂಡಿಟ್ರ ಕಾವಿಗಿಡೂಕಿಂತ ಮೊದಲ ಒಳಗ ಅರೆಬರೆ ಬೆಳದು ಸಾಯ್ತೈತಿ. ಮಣ್ಣಿನ ಕೊಡದ ಬಾಜೂಕ ಹಸಿ ಉಸುಕಿನ ಮ್ಯಾಲೆ ಬುಟ್ಟಿ ಇಡ್ರಿ, ವಾರದ ಮ್ಯಾಲೆ ಇಡಬ್ಯಾಡ್ರಿ.

ಪ್ರಶ್ನೆ (ಸಿರುಗುಪ್ಪ): ಗುಡುಗಿಗೆ ಮರಿ ಸಾಯಬಾರ್ದಂತ ತತ್ತಿ ಕೆಳಗ ಕಬ್ಬಿಣದ ಮೊಳಿ ಇಡ್ಲೇನ್ರಿ?

ಇಡ್ರಿ, ತುಕ್ಕು ಹಿಡೀತೈತಿ.

ಪ್ರಶ್ನೆ (ಸಿಂಧನೂರು): ಚೂಪು ತತ್ತ್ಯಾಗ ಹುಂಜ ಇರ್ತೈತಂತ?

ಇಲ್ಲ.

ಪ್ರಶ್ನೆ (ಗಂಗಾವತಿ): ಸಂತ್ಯಾಗ ಒಬ್ಬಾಂವ ಪುಡಿ ಕೊಟ್ಟ, ಕೋಳಿ ಸಾಧುನೂ ಆಗ್ತಾವು, ರೋಗನೂ ಬರಂಗಿಲ್ಲ ಅಂದ. ಹಾಕಿದ ಮ್ಯಾಲೆ ನಿಜ ಸುಮ್ನಾಗ್ಯಾವು, ಮೂಲ್ಯಾಗ ತೂಕಡಿಸಿ ಕುಂತಾವು, ಹಸರು ಹಿಕ್ಕಿ ಹಾಕ್ತಾವು.

ಅಯ್ಯೋ ಮಾರಾಯಾ, ಅದು ಸಾಧು ಆಗಿದ್ದಲ್ಲ, ರಾಣಿಖೇತ್ ರೋಗ ಇರಬೇಕು! ವೈರಸ್ಸಿದು, ಪುಡಿ-ಗುಳಗಿ ಯಾವುದಕ್ಕೂ ಬಗ್ಗಂಗಿಲ್ಲ. ಚಲೋ ಇರೋವನ್ನ ಈಗಿಂದೀಗ ಬ್ಯಾರೆ ಮಾಡ್ರಿ, ಸತ್ತದ್ದನ್ನ ತಿಪ್ಪಿಗೆ ಒಗೀದ ಸುಣ್ಣ ಹಾಕಿ ಆಳಕ್ಕ ಹುಗೀರಿ, ಪಶು ಡಾಕ್ಟ್ರಿಗೆ ಇವತ್ತ ಹೇಳ್ರಿ. ಮುಂದಿನ ಮರಿಗೆ ಇದರ ಲಸಿಕಿ ಹಾಕಸ್ರಿ, ಮೊದಲ ವಾರದಾಗ ಕಣ್ಣಿಗೆ ಲಸೋಟಾ ಹನಿ, ಎರಡು ತಿಂಗಳಿಗೆ ಆರ್‌ಟುಬಿ ಸೂಜಿ. ಪುಡಿಗೆ ಎಷ್ಟು ಕೊಟ್ರಿ ಅಂತ ಬರದಿಲ್ಲ, ಲಸಿಕಿಗಿಂತ ಜಾಸ್ತಿನ ಕೊಟ್ಟಿರ್ತೀರಿ.