ಸರ್ವರ್ ಹೊಸದು, ಸಿಗುವ ವಿಳಾಸ ಹಳೆಯದು

ಪ್ರಶ್ನೆ: ನಮ್ಮ ಸಂಸ್ಥೆಯ ಜಾಲತಾಣವನ್ನು ಬೇರೊಂದು ಸರ್ವರ್‌ಗೆ ಸ್ಥಳಾಂತರಿಸಿ, ಡೊಮೇನ್ ದಾಖಲೆಯಲ್ಲಿ ಹೊಸ ಐಪಿ ವಿಳಾಸವನ್ನೂ (ಸರ್ವರನ್ನು ಗುರುತಿಸುವ ಸಂಖ್ಯೆ) ನಮೂದಿಸಿದ್ದೇವೆ. ಆದರೂ ಕೆಲವರಿಗೆ ಹಳೆಯ ತಾಣವೇ ತೆರೆದುಕೊಳ್ಳುತ್ತಿದೆ. ಬದಲಾವಣೆ ಎಲ್ಲೆಡೆ ಹರಡಲು 48 ಗಂಟೆ ಬೇಕೆನ್ನುವುದು ನಿಜವೇ?

ಉತ್ತರ: ತಾವು ಮಾಡಿದ ಬದಲಾವಣೆಯನ್ನು ಯಾರೂ ಎಲ್ಲೆಡೆಗೆ ರವಾನಿಸುವುದಿಲ್ಲ. ಹಾಗೆ ಹಂಚುವ ಪದ್ಧತಿ ಹಿಂದೆ ಇತ್ತು: ಎಲ್ಲ ಕಂಪ್ಯೂಟರ್‌ಗಳ ಹೆಸರು, ವಿಳಾಸಗಳಿದ್ದ ಒಂದೇ ಕಡತವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆ ನಿರ್ವಹಿಸುತ್ತಿತ್ತು, ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಅದು ಅಸಾಧ್ಯವಾಗಿ, 1983ರಲ್ಲಿ ಕಂಪ್ಯೂಟರ್ ವಿಜ್ಞಾನಿ ಪಾಲ್ ಮೊಕಪೆಟ್ರಿಸ್, ಹೆಸರಿನಿಂದ ವಿಳಾಸ ಹುಡುಕಿಕೊಡುವ ಇಂದಿನ ಡಿಎನ್ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇದರಲ್ಲಿ ಕೇಳಿದವರಿಗಷ್ಟೇ ಉತ್ತರ.

ತಮ್ಮ ತಾಣದ ಹೆಸರನ್ನು ಓದುಗರೊಬ್ಬರು ಟೈಪಿಸಿದಾಗ, ಅವರ ಇಂಟರ್ನೆಟ್ ಕಂಪನಿಯ ರಿಸಾಲ್ವರ್, ಅಂದರೆ ಅವರ ಪರವಾಗಿ ವಿಳಾಸ ಹುಡುಕುವ ಸರ್ವರ್, ಮೊದಲು ಈ ವ್ಯವಸ್ಥೆಯ ತುದಿಯಲ್ಲಿರುವ ರೂಟ್ ಸರ್ವರನ್ನು ಕೇಳುತ್ತದೆ. ರೂಟ್‌ಗೆ ತಮ್ಮ ತಾಣದ ಪರಿಚಯವೇ ಇರುವುದಿಲ್ಲ; ತಮ್ಮದು ಡಾಟ್ ಕಾಮ್ ತಾಣವಾದರೆ, ಡಾಟ್ ಕಾಮ್ ಹೆಸರುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಅದು ತಿಳಿಸುತ್ತದೆ. ಡಾಟ್ ಕಾಮ್ ಸರ್ವರ್ ತಮ್ಮ ಡೊಮೇನಿನ ದಾಖಲೆಗಳನ್ನು ಇಟ್ಟುಕೊಂಡಿರುವ ಅಧಿಕೃತ ನೇಮ್ ಸರ್ವರ್‌ನತ್ತ ಕೈತೋರಿಸುತ್ತದೆ, ಐಪಿ ವಿಳಾಸ ಸಿಗುವುದು ಅಲ್ಲಿಯೇ.

ಪ್ರತಿ ಸಲವೂ ಇಷ್ಟು ಅಲೆಯುವುದನ್ನು ತಪ್ಪಿಸಲು, ರಿಸಾಲ್ವರ್ ಸಿಕ್ಕ ಉತ್ತರವನ್ನು ತನ್ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ಇಟ್ಟುಕೊಳ್ಳುತ್ತದೆ. ಎಷ್ಟು ಹೊತ್ತು ಎಂಬುದನ್ನು ನಿರ್ಧರಿಸುವುದು ದಾಖಲೆಯಲ್ಲಿರುವ ಟಿಟಿಎಲ್ (ಟೈಮ್ ಟು ಲಿವ್) ಸಂಖ್ಯೆ. ಅದು 86400 ಸೆಕೆಂಡ್, ಅಂದರೆ ಒಂದು ದಿನ ಆಗಿದ್ದು, ತಾವು ವಿಳಾಸ ಬದಲಿಸುವ ಒಂದು ನಿಮಿಷ ಮೊದಲು ಯಾವುದೋ ರಿಸಾಲ್ವರ್ ಕೇಳಿಕೊಂಡು ಹೋಗಿದ್ದರೆ, ಅದರ ಬಳಕೆದಾರರಿಗೆ ಹೆಚ್ಚುಕಡಿಮೆ ಒಂದು ದಿನ ಹಳೆಯ ವಿಳಾಸವೇ ಗತಿ. ಮರುಕ್ಷಣ, ಹಳೆಯ ಉತ್ತರ ಕ್ಯಾಶ್‌ನಲ್ಲಿಲ್ಲದ ಬೇರೊಂದು ರಿಸಾಲ್ವರಿನ ಮೂಲಕ ಕೇಳಿದವರಿಗೆ ಹೊಸ ತಾಣ ಕಾಣುತ್ತದೆ.

48 ಗಂಟೆಯ ಮಾತು ಪೂರ್ತಿ ಬುಡವಿಲ್ಲದ್ದೇನಲ್ಲ. ಡಾಟ್ ಕಾಮ್ ಸರ್ವರ್‌ಗಳು ನೇಮ್ ಸರ್ವರ್ ಮಾಹಿತಿಗೆ ಕೊಡುವ ಟಿಟಿಎಲ್ 172800 ಸೆಕೆಂಡ್, ಅಂದರೆ ಎರಡು ದಿನ. ಆದರೆ ನೇಮ್ ಸರ್ವರನ್ನೇ ಬದಲಿಸಿದವರಿಗೆ ಮಾತ್ರ ಅದು ಮುಖ್ಯ. ತಾವು ಬದಲಿಸಿರುವುದು ಐಪಿ ವಿಳಾಸವನ್ನಷ್ಟೇ ಆದ್ದರಿಂದ ತಮ್ಮದೇ ದಾಖಲೆಯ ಟಿಟಿಎಲ್ ಲೆಕ್ಕಕ್ಕೆ ಬರುತ್ತದೆ.

ಈಗ ಟಿಟಿಎಲ್ ಇಳಿಸಿ ಪ್ರಯೋಜನವಿಲ್ಲ, ಏಕೆಂದರೆ ಹಳೆಯ ಉತ್ತರ ಹಳೆಯ ಅವಧಿಯನ್ನು ಹೊತ್ತುಕೊಂಡೇ ಹೋಗಿದೆ. ಮುಂದಿನ ಸಲ ಸ್ಥಳಾಂತರಿಸುವಾಗ ಅದನ್ನು ಮುಂಚಿತವಾಗಿಯೇ 300 ಸೆಕೆಂಡಿಗೆ ಇಳಿಸಿ, ಹಿಂದಿನ ಅವಧಿ ಕಳೆದ ಬಳಿಕ ವಿಳಾಸ ಬದಲಿಸಿರಿ. ಸದ್ಯಕ್ಕೆ, ಕಂಪ್ಯೂಟರಿನಲ್ಲಿ ವಿಳಾಸ ವಿಚಾರಿಸುವ ಎನ್ಎಸ್‌ಲುಕಪ್ (nslookup) ಆಜ್ಞೆಯಿಂದ ಅಧಿಕೃತ ನೇಮ್ ಸರ್ವರನ್ನೇ ನೇರವಾಗಿ ಕೇಳಿ ನೋಡಿ. ಅಲ್ಲಿ ಹೊಸ ವಿಳಾಸ ಬಂದರೆ ತಮ್ಮ ಕೆಲಸ ಸರಿಯಾಗಿದೆ. ಟಿಟಿಎಲ್ ಅವಧಿ ಮುಗಿಯುವವರೆಗೆ ಹಳೆಯ ಸರ್ವರನ್ನು ಮಾತ್ರ ನಿಲ್ಲಿಸಬೇಡಿ.