ಯಾವ ಧರ್ಮವನ್ನೂ ನಂಬದವನು ಹೆಸರಿಗೆ ಮತಾಂತರವಾದರೆ ನಷ್ಟವೇನು?

ನಿಮ್ಮ ಪ್ರಶ್ನೆ ಉದ್ದವಾಗಿದೆ, ಬೇರೆ ಓದುಗರಿಗಾಗಿ ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಹಿಂದೂ ಮನೆಯಲ್ಲಿ ಹುಟ್ಟಿದ ನಾಸ್ತಿಕ. ಪ್ರೀತಿಸಿದ ಹುಡುಗಿ ಬೇರೆ ಧರ್ಮದವಳು, ದೇವರನ್ನು ತುಂಬಾ ನಂಬುವವಳು. ಅವಳ ಮನೆಯವರು ಮದುವೆಗೆ ಒಪ್ಪಿದ್ದಾರೆ. ಆದರೆ ನೀವು ಅವರ ಧರ್ಮಕ್ಕೆ ಸೇರಬೇಕು, ದೇವರು-ಧರ್ಮದ ಬಗ್ಗೆ ಬರೆಯುವುದನ್ನೂ ನಿಲ್ಲಿಸಬೇಕು. "ನಿನಗೆ ಹೇಗೂ ಯಾವ ಧರ್ಮವೂ ಇಲ್ವಲ್ಲ, ಹೆಸರಿಗೆ ಸೇರಿದರೆ ನಿನ್ನ ಗಂಟೇನು ಹೋಗುತ್ತೆ?" ಅಂತ ಕೇಳುತ್ತಿದ್ದಾರೆ. ಇದಕ್ಕೆ ಏನು ಉತ್ತರ ಕೊಡಲಿ, ಕಾನೂನು ಯಾರ ಪರ ಇದೆ ಅನ್ನುವುದು ನಿಮ್ಮ ಪ್ರಶ್ನೆ.

ನಾನೂ ದೇವರನ್ನು ನಂಬುವವಳಲ್ಲ. ನಮ್ಮ ಮನೆಯವರು, ಅಂದರೆ ನನ್ನ ಗಂಡ, ಕ್ಯಾಥೊಲಿಕರು, ಭಾನುವಾರದ ಪೂಜೆ ತಪ್ಪಿಸುವವರಲ್ಲ. ನಮ್ಮತ್ತೆ ಮದುವೆಗೆ ಮುಂಚೆ ನನಗೆ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು. ಕೆಟ್ಟ ಮನಸ್ಸಿನಿಂದಲ್ಲ. "ದೀಕ್ಷಾಸ್ನಾನ ತಗೊಂಡುಬಿಡು ಮಗಳೇ, ಆಮೇಲೆ ನಿನ್ನ ಮನಸ್ಸಿನಲ್ಲಿ ಏನಾದರೂ ಇಟ್ಟುಕೋ" ಅಂದಿದ್ದರು. ನಾನು ಹೇಳಿದ್ದು ಇಷ್ಟು: "ಅತ್ತೆ, ಅಲ್ಲಿ ಎಲ್ಲರ ಮುಂದೆ ನಿಂತು 'ನಂಬುತ್ತೇನೆ' ಅನ್ನಬೇಕು. ನಾನು ನಂಬಲ್ಲ. ಅವತ್ತು ಅಲ್ಲಿ ಸುಳ್ಳು ಹೇಳಿದವಳು ಮಾರನೇ ದಿನ ನಿಮ್ಮ ಮಗನಿಗೆ 'ಕೊನೆತನಕ ಜೊತೆಗಿರುತ್ತೇನೆ' ಅಂದರೆ ನೀವು ಹೇಗೆ ನಂಬುತ್ತೀರಿ?" ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೂ ಒಪ್ಪಿದ್ದು ನಿಧಾನವಾಗಿಯೇ.

ನಿಮಗೂ ನಾನು ಇದನ್ನೇ ಹೇಳುತ್ತೇನೆ. ಆಸ್ತಿಕರಿಗೆ ಮದುವೆ ಅಂದರೆ ಋಣಾನುಬಂಧ, ಸ್ವರ್ಗದಲ್ಲಿ ನಿಶ್ಚಯವಾದದ್ದು. ನನಗೆ ಅವೆರಡೂ ಇಲ್ಲ. ಇಬ್ಬರು ಮನುಷ್ಯರು ಒಬ್ಬರಿಗೊಬ್ಬರು ಕೊಟ್ಟ ಮಾತು ಮಾತ್ರ ಇದೆ. ಅದನ್ನು ಯಾರೂ ಮೇಲಿನಿಂದ ಕಾಯುತ್ತಿಲ್ಲ ಅಂತ ನಂಬಿರುವುದರಿಂದಲೇ ಅದನ್ನು ನಾವೇ ಕಾಯಬೇಕು. ಹೆಸರಿಗೆ ಮತಾಂತರವಾದರೆ ನೀವು ಕಳೆದುಕೊಳ್ಳುವುದು ಆ ಮಾತಿನ ತೂಕವನ್ನು. ಅವಳ ಧರ್ಮಕ್ಕೂ ಅದರಿಂದ ಗೌರವವಿಲ್ಲ. ಅವಳು ಮನಸಾರೆ ಹೇಳುವ ಪ್ರಾರ್ಥನೆಯನ್ನು ನೀವು ಅರ್ಜಿ ಫಾರಂ ತುಂಬಿದ ಹಾಗೆ ಹೇಳಿದಂತಾಗುತ್ತದೆ.

ಇನ್ನೊಂದು ವಿಷಯ. "ಹೆಸರಿಗೆ" ಅನ್ನುವುದು ಕಾನೂನಿನ ಮುಂದೆ ನಡೆಯುವುದಿಲ್ಲ. ನಮ್ಮ ದೇಶದಲ್ಲಿ ಮದುವೆ, ವಿಚ್ಛೇದನ, ಆಸ್ತಿ ಹಂಚಿಕೆ ಎಲ್ಲಕ್ಕೂ ಧರ್ಮಕ್ಕೊಂದು ಕಾನೂನಿದೆ. ನಾಸ್ತಿಕ ಅಂದ ಮಾತ್ರಕ್ಕೆ ಹಿಂದೂ ಕಾನೂನು ನಿಮ್ಮನ್ನು ಬಿಡುವುದಿಲ್ಲ, ಹುಟ್ಟಿನ ಲೆಕ್ಕದಲ್ಲಿ ನೀವು ಅದರೊಳಗೇ ಇರುತ್ತೀರಿ. ಆದರೆ ಮತಾಂತರವಾದರೆ ಬೇರೆ ಕಾನೂನಿಗೆ ಹೋಗುತ್ತೀರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನೋಡಿ. ಮತಾಂತರದ ನಂತರ ಹುಟ್ಟುವ ಮಕ್ಕಳು ಹಿಂದೂಗಳಾಗಿ ಇರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ಅವರು ವಾರಸುದಾರರಾಗುವುದಿಲ್ಲ. ಪರಿಶಿಷ್ಟ ಜಾತಿಯವರಾಗಿದ್ದರೆ ಇನ್ನೂ ಜಾಸ್ತಿ ಯೋಚಿಸಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಇದು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಗಂಟು ಹೋಗುವುದಂತೂ ನಿಜ.

ಈಗ ಸಂವಿಧಾನದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಹೇಳಲು ತುಂಬಾ ಇದೆ.

1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಪೀಠಿಕೆಯ ಚರ್ಚೆ ನಡೆಯಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಪೀಠಿಕೆ "ದೇವರ ಹೆಸರಿನಲ್ಲಿ" ಅಂತ ಶುರುವಾಗಲಿ ಎಂದು ತಿದ್ದುಪಡಿ ತಂದರು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೈ ಅದನ್ನು ವಿರೋಧಿಸಿದರು. ಹೀಗೆ ಬರೆದರೆ ನಂಬಿಕೆಯ ವಿಷಯದಲ್ಲಿ ಬಲವಂತ ಮಾಡಿದಂತಾಗುತ್ತದೆ ಅನ್ನುವುದು ಅವರ ವಾದ. ದೇವರನ್ನು ಮತದಾನಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಮತದಾನಕ್ಕೆ ಹಾಕಿಯೇ ಹಾಕಿದರು. ಪರವಾಗಿ 41, ವಿರೋಧವಾಗಿ 68 ಬಂತು.

ಆ 68 ಜನರೂ ನಾಸ್ತಿಕರಾಗಿರಲಿಲ್ಲ. ಮನೆಯಲ್ಲಿ ದೇವರ ಮುಂದೆ ದೀಪ ಹಚ್ಚಿ ಬಂದವರೂ ಅವರಲ್ಲಿ ಇದ್ದೇ ಇರುತ್ತಾರೆ. ತಮ್ಮ ದೇವರ ಹೆಸರನ್ನು ನನ್ನಂಥವಳ ಬಾಯಿಂದ ಬಲವಂತವಾಗಿ ಹೇಳಿಸಬಾರದು ಅಂತ ಅವರಿಗೆ ಅನಿಸಿತಲ್ಲ, ಅದನ್ನು ಓದಿದಾಗಲೆಲ್ಲ ಅವರ ಮೇಲೆ ನನಗೆ ಗೌರವ ಹೆಚ್ಚುತ್ತದೆ. ಮಂತ್ರಿಗಳು ಪ್ರಮಾಣವಚನ ತೆಗೆದುಕೊಳ್ಳುವಾಗ ಕೆಲವರು ದೇವರ ಹೆಸರಿನಲ್ಲಿ, ಕೆಲವರು ದೇವರ ಹೆಸರಿಲ್ಲದೆ ಓದುವುದನ್ನು ನೋಡಿರುತ್ತೀರಿ. ಸಂವಿಧಾನದ ಮೂರನೇ ಅನುಸೂಚಿ ಎರಡನ್ನೂ ಅಕ್ಕಪಕ್ಕ ಇಟ್ಟಿದೆ. 25ನೇ ವಿಧಿಯೂ ಹಾಗೆಯೇ. ಧರ್ಮ ಪಾಲಿಸುವ ಹಕ್ಕಿಗಿಂತ ಮುಂಚೆಯೇ ಅಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಬರುತ್ತದೆ. ನಿಮ್ಮನ್ನು ಕಾಯುವುದು ಅದೇ.

ಆದರೆ ಈ ಹಕ್ಕು ನನಗೆ ಚೆನ್ನಾಗಿ ಅರ್ಥವಾಗಿದ್ದು ತುಂಬಾ ಭಕ್ತಿಯ ಮೂವರು ಮಕ್ಕಳಿಂದ. 1985ರಲ್ಲಿ ಕೇರಳದ ಒಂದು ಶಾಲೆ ಅಣ್ಣ-ತಂಗಿಯರಾದ ಮೂವರನ್ನು ಹೊರಗೆ ಹಾಕಿತು. ಅವರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆ ಬಂದಾಗ ಎಲ್ಲರ ಜೊತೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ನಂಬಿಕೆ ಅದಕ್ಕೆ ಒಪ್ಪುವುದಿಲ್ಲ ಅನ್ನುತ್ತಿದ್ದರು. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮತ್ತೆ ಶಾಲೆಗೆ ಸೇರಿಸಿಕೊಳ್ಳಿ ಎಂದಿತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು ಬರೆದ ತೀರ್ಪು ಅದು. ಹಾಡಲೇಬೇಕು ಅನ್ನುವ ಕಾನೂನು ಇಲ್ಲ, ಬಲವಂತ ಮಾಡಿದರೆ ವಾಕ್ ಸ್ವಾತಂತ್ರ್ಯಕ್ಕೂ ಆತ್ಮಸಾಕ್ಷಿಗೂ ಧಕ್ಕೆ ಅಂತ ಅದು ಹೇಳುತ್ತದೆ. ಆ ಮಕ್ಕಳ ನಂಬಿಕೆಯಲ್ಲಿ ಒಂದಂಶವೂ ನನ್ನದಲ್ಲ. ಆದರೂ ನಮ್ಮತ್ತೆಯ ಮನೆಯಲ್ಲಿ ಸಂಜೆ ಪ್ರಾರ್ಥನೆಗೆ ಎಲ್ಲರೂ ನಿಂತಾಗ ನಾನೂ ಎದ್ದು ಸುಮ್ಮನೆ ನಿಲ್ಲುತ್ತೇನೆ. ಹಾಗೆ ನಿಲ್ಲುವ ದಾರಿ ಇದೆ ಅಂತ ನನಗೆ ತೋರಿಸಿದ್ದು ಆ ಮಕ್ಕಳೇ.

ಇಬ್ಬರೂ ಧರ್ಮ ಬದಲಿಸದೆ ಮದುವೆಯಾಗುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಜನ "ರಿಜಿಸ್ಟರ್ ಮದುವೆ" ಅಂದಾಗ ಸಾಮಾನ್ಯವಾಗಿ ಎಲ್ಲವನ್ನೂ ಸೇರಿಸಿ ಹೇಳುತ್ತಾರೆ, ಆದರೆ ಎರಡು ಧರ್ಮದವರಿಗೆ ಬೇಕಾದದ್ದು ಈ ಕಾಯ್ದೆಯೇ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಹಾಗೆ ಸರಳವಾಗಿ ಆಗಬೇಕು ಅಂತ ನಿಮಗೆ ಆಸೆ ಇದ್ದರೆ ಖಂಡಿತ ಮಾಡಿ, ಆದರೆ ನಿಮ್ಮಿಬ್ಬರ ವಿಷಯದಲ್ಲಿ ಅದಷ್ಟೇ ಸಾಲದು.

ಈ ಕಾಯ್ದೆಗೆ ಒಂದು ಹಿನ್ನೆಲೆ ಇದೆ. ಇದಕ್ಕಿಂತ ಮುಂಚೆ 1872ರದ್ದೊಂದು ಕಾನೂನಿತ್ತು. ಕೇಶವಚಂದ್ರ ಸೇನ್ ಮತ್ತು ಅವರ ಬ್ರಹ್ಮ ಸಮಾಜದವರು ಕೇಳಿ ಮಾಡಿಸಿಕೊಂಡದ್ದು. ಅದರಲ್ಲಿ ಮದುವೆಯಾಗಬೇಕಾದರೆ ಹುಡುಗ-ಹುಡುಗಿ ಇಬ್ಬರೂ ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ, ಹೀಗೆ ಪಟ್ಟಿಯಲ್ಲಿದ್ದ ಯಾವ ಧರ್ಮವನ್ನೂ ಪಾಲಿಸುವುದಿಲ್ಲ ಎಂದು ಬರೆದುಕೊಡಬೇಕಿತ್ತು! ನಾಸ್ತಿಕರಿಗೆ ಅನುಕೂಲ ಅಲ್ವಾ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪ್ರೀತಿಸಿದವಳಿಗಾಗಿ ತನ್ನ ದೇವರನ್ನು ಇಲ್ಲ ಅನ್ನಬೇಕಾದ ಭಕ್ತನ ಸಂಕಟವೂ, ಇವತ್ತು ಇದೆ ಅನ್ನಬೇಕಾದ ನಿಮ್ಮ ಸಂಕಟವೂ ಒಂದೇ. 1923ರಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮೊಳಗೆ ಮದುವೆಯಾಗಲು ಮಾತ್ರ ವಿನಾಯಿತಿ ಸಿಕ್ಕಿತು. ಎಲ್ಲರಿಗೂ ಆ ಬಲವಂತ ತಪ್ಪಿದ್ದು 1954ರಲ್ಲಿ. ಈಗ ಮದುವೆ ಅಧಿಕಾರಿಯ ಮುಂದೆ, ಮೂವರು ಸಾಕ್ಷಿಗಳ ಎದುರು, ನಿನ್ನನ್ನು ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ ಅಂತ ಒಬ್ಬರಿಗೊಬ್ಬರು ಹೇಳಿದರೆ ಸಾಕು. ಆ ವಾಕ್ಯದಲ್ಲಿ ದೇವರನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ.

ಕಷ್ಟ ಇರುವುದು ನೋಟಿಸಿನಲ್ಲಿ. ನಿಮ್ಮಿಬ್ಬರಲ್ಲಿ ಒಬ್ಬರಾದರೂ 30 ದಿನ ವಾಸವಿದ್ದ ಜಿಲ್ಲೆಯಲ್ಲಿ ಅರ್ಜಿ ಕೊಡಬೇಕು. ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಕಡೆ ಅಂಟಿಸುತ್ತಾರೆ. ನಿಮ್ಮ ಕಾಯಂ ಊರು ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಗೂ ಒಂದು ಪ್ರತಿ ಹೋಗುತ್ತದೆ. 30 ದಿನದೊಳಗೆ ಯಾರು ಬೇಕಾದರೂ ಆಕ್ಷೇಪ ಹಾಕಬಹುದು. ನಮ್ಮ ನೋಟಿಸನ್ನು ಯಾರೋ ಮೊಬೈಲಿನಲ್ಲಿ ಫೋಟೊ ತೆಗೆದು, ನಮ್ಮ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ಮೂಲ ವಿಳಾಸ, ವಯಸ್ಸು ಎಲ್ಲ ಅದರಲ್ಲಿತ್ತು. ಆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರಿಗೆ ಇಂಥ ನೋಟಿಸ್ ಇಲ್ಲ. ಬೇರೆ ಧರ್ಮದವರನ್ನು ಪ್ರೀತಿಸಿದವರು ಊರಿಗೆಲ್ಲ ಸಾರಿ ಕಾಯಬೇಕು. ಇದು ಅನ್ಯಾಯ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಮೊಕದ್ದಮೆಯಲ್ಲಿ, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಆಧರಿಸಿ 2021ರ ಜನವರಿಯಲ್ಲಿ ಅಲಹಾಬಾದ್ ಹೈಕೋರ್ಟ್, ಜೋಡಿ ಬೇಡ ಅಂದರೆ ನೋಟಿಸ್ ಪ್ರಕಟಿಸಬಾರದು ಎಂದು ಹೇಳಿತು. ಆದರೆ ಕರ್ನಾಟಕದ ಕಚೇರಿಗಳನ್ನು ಆ ತೀರ್ಪು ಕಟ್ಟಿಹಾಕುವುದಿಲ್ಲ.

ಧೈರ್ಯಕ್ಕೆ ಒಂದು ಮಾತು ಹೇಳುತ್ತೇನೆ. ಆಕ್ಷೇಪಕ್ಕೆ ಕಾರಣಗಳು ಕೆಲವೇ: ಗಂಡನೋ ಹೆಂಡತಿಯೋ ಈಗಾಗಲೇ ಇರುವುದು, ವಯಸ್ಸಾಗದಿರುವುದು (ಹುಡುಗನಿಗೆ 21, ಹುಡುಗಿಗೆ 18), ನಿಷಿದ್ಧ ರಕ್ತಸಂಬಂಧ, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ. ಅಪ್ಪ-ಅಮ್ಮನಿಗೆ ಇಷ್ಟವಿಲ್ಲ, ಧರ್ಮ ಬೇರೆ ಅನ್ನುವುದೆಲ್ಲ ಆ ಪಟ್ಟಿಯಲ್ಲಿ ಇಲ್ಲ. ಬೆದರಿಕೆ ಬಂದರೆ ಎಸ್‌ಪಿ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕು ಅಂತ 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಶಕ್ತಿವಾಹಿನಿ ಪ್ರಕರಣದಲ್ಲಿ ಹೇಳಿದೆ. ಅದೇ ತಿಂಗಳು ಹಾದಿಯಾ ಪ್ರಕರಣದ ಆದೇಶವೂ ಬಂತು. ಆಕೆ ತಾನಾಗಿ ಇಸ್ಲಾಮಿಗೆ ಸೇರಿ ಮದುವೆಯಾಗಿದ್ದರು, ಕೇರಳ ಹೈಕೋರ್ಟ್ ಆ ಮದುವೆಯನ್ನೇ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಊರ್ಜಿತಗೊಳಿಸಿತು. ಸಂಗಾತಿಯನ್ನು ಆರಿಸುವುದರಲ್ಲಿ ಸಮಾಜಕ್ಕೆ ಯಾವ ಪಾತ್ರವೂ ಇಲ್ಲ ಎಂದು ನ್ಯಾಯಮೂರ್ತಿ ಚಂದ್ರಚೂಡ್ ಏಪ್ರಿಲ್‌ನಲ್ಲಿ ಬಂದ ವಿವರವಾದ ತೀರ್ಪಿನಲ್ಲಿ ಬರೆದರು. ಮನಸಾರೆ ಮತಾಂತರವಾಗುವ ಆಕೆಯ ಹಕ್ಕನ್ನು ನಾಸ್ತಿಕಳಾದ ನಾನು ಪೂರ್ತಿ ಬೆಂಬಲಿಸುತ್ತೇನೆ. ಒಂದೇ ಲಿಂಗದ ಜೋಡಿಗಳಿಗೆ ಮಾತ್ರ ಈ ಬಾಗಿಲು ಇನ್ನೂ ತೆರೆದಿಲ್ಲ, 2023ರ ಅಕ್ಟೋಬರ್‌ನಲ್ಲಿ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ಆ ನೋವು ನನಗಿದೆ.

ಇನ್ನು ಬರೆಯುವುದನ್ನು ನಿಲ್ಲಿಸುವ ಷರತ್ತು. 19ನೇ ವಿಧಿ ವಾಕ್ ಸ್ವಾತಂತ್ರ್ಯ ಕೊಟ್ಟು, ಅದಕ್ಕೆ ಯಾವ ಕಾರಣಗಳಿಗೆ ಮಿತಿ ಹಾಕಬಹುದು ಅಂತಲೂ ಹೇಳುತ್ತದೆ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ ಎಲ್ಲ ಅಲ್ಲಿವೆ. ಧರ್ಮದ ಅವಮಾನ ಅನ್ನುವುದು ಪಟ್ಟಿಯಲ್ಲಿ ಇಲ್ಲ. ಆದರೆ ಧರ್ಮವನ್ನು ಅವಮಾನಿಸಿದವರನ್ನು ಶಿಕ್ಷಿಸಲು ಹಳೆಯ ದಂಡ ಸಂಹಿತೆಯಲ್ಲಿ 295ಎ ಅನ್ನುವ ಸೆಕ್ಷನ್ ಇತ್ತು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಆಗಿದೆ. ಮೂರು ವರ್ಷದವರೆಗೆ ಜೈಲು. ಬ್ರಿಟಿಷರು 1927ರಲ್ಲಿ ಅದನ್ನು ತಂದರು. ಲಾಹೋರಿನಲ್ಲಿ ಪ್ರವಾದಿಯವರನ್ನು ಅವಹೇಳನ ಮಾಡಿದ ಒಂದು ಕಿರುಹೊತ್ತಗೆ ಬಂದಿತ್ತು, ಅದರ ಪ್ರಕಾಶಕ ಕೋರ್ಟಿನಲ್ಲಿ ಬಿಡುಗಡೆಯಾದಾಗ ಗಲಾಟೆ ಎದ್ದಿತು. ಕಾನೂನು ಬಂದರೂ ಆ ಪ್ರಕಾಶಕ ಉಳಿಯಲಿಲ್ಲ, 1929ರಲ್ಲಿ ಕೊಲೆಯಾದ. 1957ರಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಅನ್ನು ಎತ್ತಿಹಿಡಿಯಿತು, ಆದರೆ ಬೇಕಂತಲೇ, ದುರುದ್ದೇಶದಿಂದ ಮಾಡಿದ ಅವಮಾನಕ್ಕೆ ಮಾತ್ರ ಇದು ತಗಲುತ್ತದೆ ಎಂದಿತು. ದೇವರಿಲ್ಲ ಅನ್ನುವುದು, ಒಂದು ಆಚರಣೆ ತಪ್ಪು ಅನ್ನುವುದು ಅಪರಾಧವಲ್ಲ. ಆದರೂ ದೂರು ಕೊಟ್ಟು ಅಲೆದಾಡಿಸುವುದು ಸುಲಭ. ಕೋರ್ಟಿನವರೆಗೆ ಕಾಯದವರೂ ಇದ್ದಾರೆ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರು ನಾಸ್ತಿಕ ಪ್ರಚಾರಕರೂ ಅಲ್ಲ, ವಚನಗಳ ದೊಡ್ಡ ವಿದ್ವಾಂಸರು. ಹಾಗಾಗಿ ನಿಮ್ಮ ಹುಡುಗಿಯ ಮನೆಯವರ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅವರು ಕೇಳುತ್ತಿರುವುದು ಭಯದಿಂದಲೋ ಅಥವಾ ನಿಮ್ಮ ಬಾಯಿ ಮುಚ್ಚಿಸಬೇಕು ಅಂತಲೋ, ಅದನ್ನು ಕೂತು ಕೇಳಿ ತಿಳಿದುಕೊಳ್ಳಿ. ಭಯ ಆಗಿದ್ದರೆ ಎಲ್ಲಿ, ಹೇಗೆ ಬರೆಯಬೇಕು ಅಂತ ಮಾತಾಡಬಹುದು. ಅವರ ಮನೆಯ ಆಚರಣೆಗಳನ್ನು ಬರಹಕ್ಕೆ ಎಳೆಯುವುದಿಲ್ಲ ಅಂತ ನೀವಾಗಿಯೇ ಹೇಳಿ, ಅದು ನ್ಯಾಯ. ಬರೆಯುವುದನ್ನೇ ಬಿಡು ಅಂದರೆ ಒಪ್ಪಬೇಡಿ. ನನ್ನ ಬರಹವನ್ನು ಮೊದಲು ಓದುವವರು ನಮ್ಮ ಮನೆಯವರೇ. ನೋವಾಗುವ ಸಾಲಿದ್ದರೆ ಹೇಳುತ್ತಾರೆ. ಕೆಲವನ್ನು ಬದಲಿಸುತ್ತೇನೆ, ಕೆಲವನ್ನು ಬದಲಿಸುವುದಿಲ್ಲ. ಇಲ್ಲಿಯವರೆಗೆ "ಬರೆಯಬೇಡ" ಅಂದಿಲ್ಲ.

ಮಕ್ಕಳ ವಿಷಯವನ್ನು ಈಗಲೇ ಮಾತಾಡಿಕೊಳ್ಳಿ. ಹೆಸರು, ನಾಮಕರಣ, ಹಬ್ಬ, ಪ್ರಾರ್ಥನೆ, ಶಾಲೆಯ ಅರ್ಜಿಯಲ್ಲಿ ಧರ್ಮದ ಕಾಲಂ, ಎಲ್ಲವೂ. ಮತಾಂತರದ ಪ್ರಶ್ನೆಗಿಂತ ಇದು ದೊಡ್ಡದು. ಅವಳು ಮಗುವಿಗೆ ಪ್ರಾರ್ಥನೆ ಕಲಿಸುವಾಗ ನಿಮಗೆ ತಡೆಯಲು ಹಕ್ಕಿಲ್ಲ. "ಅಪ್ಪ ಯಾಕೆ ಮಾಡಲ್ಲ?" ಅಂತ ಮಗು ಕೇಳಿದಾಗ ನಿಜ ಹೇಳಲು ಅವಳೂ ಬಿಡಬೇಕು.

ನಿಮ್ಮ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ಅದರಲ್ಲಿ ಅವಳ ಅಪ್ಪ, ಅಮ್ಮ, ಅಣ್ಣ ಹೇಳಿದ್ದೆಲ್ಲ ಇದೆ. ಅವಳು ಏನು ಹೇಳುತ್ತಾಳೆ ಅನ್ನುವುದು ಎಲ್ಲೂ ಇಲ್ಲ. ಮೊದಲು ಅವಳನ್ನು ಕೇಳಿ. ನೀವು ನಂಬದೆಯೂ "ನಂಬುತ್ತೇನೆ" ಅನ್ನುವುದು ಅವಳಿಗೆ ಬೇಕಾ? ಬೇಡ ಅಂದರೆ ಮನೆಯವರ ಮುಂದೆ ಆ ಮಾತನ್ನು ಅವಳೂ ಆಡಬೇಕಾಗುತ್ತದೆ. ಆಮೇಲೆ ಇಬ್ಬರೂ ಸೇರಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ವಿಚಾರಿಸಿ. ಅವಳಿಗೂ ನೀವು ಮತಾಂತರವಾಗುವುದೇ ಬೇಕು ಅಂತಾದರೆ, ಮದುವೆಯ ದಿನ ಗೊತ್ತುಮಾಡುವುದನ್ನು ಸ್ವಲ್ಪ ಮುಂದಕ್ಕೆ ಹಾಕಿ, ಅದರ ಬಗ್ಗೆಯೇ ಇಬ್ಬರೂ ಮಾತಾಡಿ.