ಮೈಸೂರು ಮಹಾರಾಜರ ಅಧಿಕಾರ ಒಂದೇ ಸಹಿಯಿಂದ ಹೋಯಿತೇ?

1947ರಲ್ಲಿ ವಿಲೀನ ಪತ್ರಕ್ಕೆ ಸಹಿ ಹಾಕಿದ ದಿನವೇ ಜಯಚಾಮರಾಜ ಒಡೆಯರ್ ಅವರ ಅಧಿಕಾರವೆಲ್ಲ ದೆಹಲಿಗೆ ಹೋಯಿತೇ ಎಂದು ಕೇಳಿದ್ದೀರಿ. ಇಲ್ಲ, ಹಾಗಾಗಲಿಲ್ಲ. ನಾವು 'ವಿಲೀನ ಪತ್ರ' ಎಂದು ಕರೆಯುವುದೇ ಈ ಗೊಂದಲಕ್ಕೆ ಕಾರಣವೆಂದು ನನಗನಿಸುತ್ತದೆ. 'ಸೇರ್ಪಡೆ ಪತ್ರ' ಎಂಬುದೇ ಸರಿಯಾದ ಮಾತು.

ಆ ಪತ್ರದ ಮೂಲಕ ರಕ್ಷಣೆ, ವಿದೇಶಾಂಗ ಮತ್ತು ಸಂಪರ್ಕ ಎಂಬ ಮೂರು ವಿಷಯಗಳಲ್ಲಿ ಮಾತ್ರ ಕಾನೂನು ಮಾಡುವ ಅಧಿಕಾರ ಕೇಂದ್ರಕ್ಕೆ ಸಿಕ್ಕಿತು. ಅದರ ಏಳನೆಯ ಕಲಮನ್ನು ಗಮನವಿಟ್ಟು ಓದಿ: ಮುಂದೆ ರಚನೆಯಾಗುವ ಯಾವುದೇ ಸಂವಿಧಾನವನ್ನು ಒಪ್ಪಲು ಈ ಪತ್ರ ಅರಸರನ್ನು ಬದ್ಧಗೊಳಿಸುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಎಂಟನೆಯ ಕಲಮು ಸಂಸ್ಥಾನದೊಳಗಿನ ಸಾರ್ವಭೌಮತ್ವವನ್ನು ಹಾಗೆಯೇ ಉಳಿಸಿತ್ತು.

ಒಳಾಡಳಿತದ ಅಧಿಕಾರವನ್ನು ಬಿಡಿಸಿದ್ದು ದೆಹಲಿಯಲ್ಲ, ಮೈಸೂರಿನ ಜನ. ಜವಾಬ್ದಾರಿ ಸರ್ಕಾರಕ್ಕಾಗಿ, ಅಂದರೆ ಅರಸರಿಗಲ್ಲದೆ ಜನಪ್ರತಿನಿಧಿಗಳಿಗೆ ಉತ್ತರಿಸುವ ಸರ್ಕಾರಕ್ಕಾಗಿ, ಸಾವಿರಾರು ಮಂದಿ 'ಮೈಸೂರು ಚಲೋ' ಚಳವಳಿಯಲ್ಲಿ ಜೈಲು ಸೇರಿದ ಮೇಲೆಯೇ, 1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಈ ಭಾಗವನ್ನು ನಮ್ಮ ಪಠ್ಯಗಳು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕಾನೂನಿನ ದೃಷ್ಟಿಯಿಂದ ನಿರ್ಣಾಯಕವಾದದ್ದು 1949ರ ನವೆಂಬರ್ 25ರ ಘೋಷಣೆ. ಭಾರತದ ಸಂವಿಧಾನವೇ ಮೈಸೂರಿನ ಸಂವಿಧಾನವೂ ಆಗುವುದೆಂದು ಮಹಾರಾಜರು ಅದರಲ್ಲಿ ಒಪ್ಪಿದರು. ಬಳಿಕ 1956ರವರೆಗೆ ಅವರು ರಾಜಪ್ರಮುಖರಾಗಿದ್ದರೂ (ರಾಜ್ಯಪಾಲರಂಥ ಹುದ್ದೆ), ಆ ಅಧಿಕಾರ ವಂಶದಿಂದಲ್ಲ, ಸಂವಿಧಾನದಿಂದ ಬಂದದ್ದಾಗಿತ್ತು. ಕೇಂದ್ರ ಸರ್ಕಾರ ಅವರಿಗೆ ಕೊಡುತ್ತಿದ್ದ ವರ್ಷಕ್ಕೆ 26 ಲಕ್ಷ ರೂಪಾಯಿಯ ರಾಜಧನ ಮತ್ತು ಅರಸರೆಂಬ ಅಧಿಕೃತ ಮಾನ್ಯತೆ ಸಂವಿಧಾನದ 1971ರ 26ನೆಯ ತಿದ್ದುಪಡಿಯೊಂದಿಗೆ ಕೊನೆಗೊಂಡವು.